ಎಷ್ಟು ರ‍್ಯಾಂಡಮ್, ಎಷ್ಟು ಕಟ್ಟು? ಸರಣಿಗಳನ್ನು ಬಿಟ್‌ಗಳಲ್ಲಿ ಅಳೆಯುವ ಬಗೆ

ಈ ಎರಡು ಸಾಲುಗಳನ್ನು ನೋಡಿ.

0101010101010101
0110100010111001

ಎರಡರಲ್ಲೂ ಎಂಟು ಸೊನ್ನೆ, ಎಂಟು ಒಂದು. ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಎಂಟ್ರೊಪಿ (ಅನುಮಾನದ ಅಳತೆ) ಸೂತ್ರವನ್ನು ಬಿಡಿ ಅಂಕಿಗಳಿಗೆ ಹಾಕಿದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ: ಅಂಕಿಗೆ 1 ಬಿಟ್, ಅಂದರೆ ನಾಣ್ಯವನ್ನು ಒಮ್ಮೆ ಚಿಮ್ಮಿದಾಗ ಇರುವಷ್ಟು ಅನುಮಾನ. ಆದರೆ ಮೊದಲ ಸಾಲಿನಲ್ಲಿ ಮುಂದೆ ಏನು ಬರುತ್ತದೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ಎರಡನೆಯದರಲ್ಲಿ ಹೇಳುವುದು ಕಷ್ಟ.

ಸೂತ್ರದಲ್ಲಿ ತಪ್ಪಿಲ್ಲ. ನಾವು ಅದಕ್ಕೆ ಬಿಡಿ ಅಂಕಿಗಳನ್ನಷ್ಟೇ ತೋರಿಸಿದೆವು, ಅವು ಬಂದ ಕ್ರಮವನ್ನು ತೋರಿಸಲಿಲ್ಲ. ಮಳೆಯ ದಾಖಲೆ, ಹೃದಯ ಬಡಿತ, ಷೇರು ಬೆಲೆ, ಪದ್ಯದ ಸಾಲು, ಯಾವುದೇ ಸರಣಿಯಿರಲಿ, ಕೇಳಬೇಕಾದ ಪ್ರಶ್ನೆ ಎರಡು. ಹಿಂದಿನದೆಲ್ಲ ಗೊತ್ತಿದ್ದರೂ ಮುಂದಿನ ಅಂಕಿಯ ಬಗ್ಗೆ ಎಷ್ಟು ಅನುಮಾನ ಉಳಿಯುತ್ತದೆ? ಇದು ರ‍್ಯಾಂಡಮ್ ಪಾಲು. ಇದರ ಅಳತೆಗೆ ಎಂಟ್ರೊಪಿ ದರ ಎನ್ನುತ್ತಾರೆ. ಹಿಂದಿನದು ಮುಂದಿನದರ ಬಗ್ಗೆ ಒಟ್ಟು ಎಷ್ಟು ಹೇಳಿಬಿಡುತ್ತದೆ? ಇದು ಕಟ್ಟಿನ ಪಾಲು. ಇದಕ್ಕೆ ಎಕ್ಸೆಸ್ ಎಂಟ್ರೊಪಿ ಎಂದು ಹೆಸರು.

ಎರಡನ್ನೂ ಅಳೆಯುವ ದಾರಿ ಕೆಳಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಜನ ಎಡವುವುದು ಬಹುಪಾಲು ಅಲ್ಲೇ. ನೀವು ನೋಡದೆ ಬಿಟ್ಟ ಕಟ್ಟು ಲೆಕ್ಕದಿಂದ ಮಾಯವಾಗುವುದಿಲ್ಲ. ಅದು ರ‍್ಯಾಂಡಮ್ ವೇಷದಲ್ಲಿ ಬಂದು ಎಂಟ್ರೊಪಿ ದರದಲ್ಲಿ ಸೇರಿಕೊಳ್ಳುತ್ತದೆ.

ಹೆಜ್ಜೆ 1: ಸರಣಿಯನ್ನು ಚಿಹ್ನೆಗಳಾಗಿ ಬದಲಿಸಿ

ಇಲ್ಲಿ ಅವಸರ ಮಾಡಬೇಡಿ. ಮಿಲಿಮೀಟರ್, ರೂಪಾಯಿ, ಸೆಕೆಂಡುಗಳನ್ನು ಕೆಲವೇ ಚಿಹ್ನೆಗಳಿಗೆ ಇಳಿಸಬೇಕು. ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕೆಲವೆಡೆ ಗೆರೆ ಮೊದಲೇ ಸಿಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಮಳೆ ಬಿದ್ದರೆ ಅದು ಮಳೆದಿನ. ಹಾಗಾಗಿ ಮಳೆದಿನಕ್ಕೆ 1, ಉಳಿದ ದಿನಕ್ಕೆ 0. ಗೆರೆ ಸಿಗದ ಕಡೆ ಏರಿಳಿತದ ಕ್ರಮವನ್ನೇ ಚಿಹ್ನೆ ಮಾಡಿಕೊಳ್ಳಬಹುದು. ಪಕ್ಕಪಕ್ಕದ ಮೂರು ಬೆಲೆಗಳಲ್ಲಿ ಯಾವುದು ಚಿಕ್ಕದು, ಯಾವುದು ದೊಡ್ಡದು ಎಂದು ನೋಡಿದರೆ ಆರೇ ಬಗೆಗಳಿವೆ. ಸಂಶೋಧಕರಾದ ಬಾಂಟ್ ಮತ್ತು ಪೊಂಪೆ 2002ರಲ್ಲಿ ತೋರಿಸಿದ ಈ ದಾರಿ ಗದ್ದಲ ತುಂಬಿದ ದಾಖಲೆಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಕನ್ನಡ ಪಠ್ಯವನ್ನು ಅಳೆಯುವವರಿಗೆ ಒಂದು ಎಚ್ಚರಿಕೆ. "ಕನ್ನಡ" ಎಂಬ ಪದ ನಮಗೆ ಮೂರು ಅಕ್ಷರ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಅದರ ಉದ್ದವನ್ನು 5 ಎನ್ನುತ್ತದೆ, ಯಾಕೆಂದರೆ ಅದು ಯೂನಿಕೋಡ್ ಚಿಹ್ನೆಗಳನ್ನು ಎಣಿಸುತ್ತದೆ, ಒತ್ತಕ್ಷರದ ನಡುವಿನ ಹಲಂತ ಚಿಹ್ನೆಯೂ (್) ಅದರಲ್ಲಿ ಸೇರಿದೆ. ಯೂನಿಕೋಡ್ ಚಿಹ್ನೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕಡತದಲ್ಲಿ ಅದೇ ಪದ 15 ಬೈಟ್. ಅಂದರೆ ಒಂದೇ ಪದಕ್ಕೆ ಮೂರು ಉದ್ದಗಳು. "ಅಕ್ಷರಕ್ಕೆ ಇಷ್ಟು ಬಿಟ್" ಎಂದು ಬರೆಯುವ ಮುಂಚೆ ಯಾವ ಅಕ್ಷರ ಎಂದು ತೀರ್ಮಾನಿಸಿ.

ಈ ಲೇಖನದ ಮುಖ್ಯ ಉದಾಹರಣೆಗೆ ನಮ್ಮ ಛಂದಸ್ಸನ್ನೇ ತೆಗೆದುಕೊಳ್ಳೋಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆಗೊಂದು ಅಂಕಿಯಂತೆ ಬರೆಯುತ್ತಾ ಹೋಗಿ. ಅಕ್ಷರ ಆ ಮಾತ್ರೆಯಲ್ಲಿ ಮುಗಿದರೆ 1, ಇನ್ನೂ ಎಳೆಯುತ್ತಿದ್ದರೆ 0. ಆಗ ಲಘು ಎಂದರೆ 1, ಗುರು ಎಂದರೆ 01.

ಹೆಜ್ಜೆ 2: ಮೊದಲು ಉತ್ತರ ಗೊತ್ತಿರುವ ಸರಣಿಯ ಮೇಲೆ ಪ್ರಯೋಗ ಮಾಡಿ

ನಿಜವಾದ ದಾಖಲೆಗೆ ಕೈ ಹಾಕುವ ಮೊದಲು, ನಿಮ್ಮ ಲೆಕ್ಕ ಸರಿಯಿದೆಯಾ ಎಂದು ನೋಡಲು ಒಂದು ಕೃತಕ ಸರಣಿ ಬೇಕು. ಹೀಗೆ ಮಾಡಿ: ನಾಣ್ಯ ಚಿಮ್ಮಿ. ತಲೆ ಬಿದ್ದರೆ ಲಘು ಬರೆಯಿರಿ, ಬಾಲ ಬಿದ್ದರೆ ಗುರು. ಕಂಪ್ಯೂಟರಿನಲ್ಲಿ ಇದು ನಾಲ್ಕು ಸಾಲಿನ ಪ್ರೋಗ್ರಾಂ.

ಬರುವ ಸರಣಿಯಲ್ಲಿ ಒಂದೇ ಒಂದು ನಿಯಮವಿದೆ: 0 ಬಂದ ಮೇಲೆ 1 ಬರಲೇಬೇಕು. ಎರಡು ಸೊನ್ನೆ ಒಟ್ಟಿಗೆ ಬರುವುದಿಲ್ಲ. ಈ ವಿಷಯದ ಬರಹಗಳಲ್ಲಿ ಇದನ್ನು ಗೋಲ್ಡನ್ ಮೀನ್ ಪ್ರೋಸೆಸ್ ಎನ್ನುತ್ತಾರೆ. ಇಂಥ ಸರಣಿಗಳನ್ನು ಎಣಿಸಿದರೆ ಫಿಬೊನಾಚಿ ಸಂಖ್ಯೆಗಳು ಬರುತ್ತವೆ, ಅವುಗಳ ಅನುಪಾತ ಚಿನ್ನದ ಅನುಪಾತದ ಕಡೆಗೆ ಹೋಗುತ್ತದೆ, ಹೆಸರು ಬಂದದ್ದು ಹಾಗೆ. ನಮ್ಮ ಛಂದಶ್ಶಾಸ್ತ್ರಜ್ಞರಿಗೆ ಇದು ಹಳೆಯ ಲೆಕ್ಕ. ಇಷ್ಟು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಕೇಳಿ, 1, 2, 3, 5, 8, 13, 21 ಎಂಬ ಸಾಲನ್ನು ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಕೊಟ್ಟಿದ್ದಾನೆ. ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ.

ಎಂಟ್ರೊಪಿ ದರವನ್ನು ಇಲ್ಲಿ ಬಾಯಲ್ಲೇ ಹೇಳಬಹುದು. ಒಂದು ಚಿಮ್ಮುವಿಕೆಗೆ 1 ಬಿಟ್. ಒಂದು ಅಕ್ಷರಕ್ಕೆ ಸರಾಸರಿ ಒಂದೂವರೆ ಮಾತ್ರೆ. ಹಾಗಾದರೆ ಮಾತ್ರೆಗೆ 2/3 ಬಿಟ್, ಅಂದರೆ 0.667. ನಮ್ಮ ಲೆಕ್ಕ ಇದನ್ನೇ ಕೊಡಬೇಕು. ಕೊಡದಿದ್ದರೆ ಪ್ರೋಗ್ರಾಂನಲ್ಲಿ ಏನೋ ಎಡವಟ್ಟಿದೆ.

ಹೆಜ್ಜೆ 3: ತುಂಡುಗಳನ್ನು ಎಣಿಸಿ, ಬ್ಲಾಕ್ ಎಂಟ್ರೊಪಿ ತೆಗೆಯಿರಿ

ಸರಣಿಯ ಮೇಲೆ ಒಂದು ಕಿಟಕಿ ಇಡಿ. ಮೊದಲು ಒಂದು ಅಂಕಿ ಕಾಣುವಷ್ಟು, ಆಮೇಲೆ ಎರಡು, ಮೂರು, ಹೀಗೆ. ಪ್ರತಿ ಅಗಲಕ್ಕೂ ಕಿಟಕಿಯನ್ನು ಒಂದೊಂದೇ ಅಂಕಿ ಸರಿಸುತ್ತಾ, ಯಾವ ತುಂಡು ಎಷ್ಟು ಸಲ ಕಂಡಿತು ಎಂದು ಬರೆದುಕೊಳ್ಳಿ. ಎಣಿಕೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಆ ತುಂಡಿನ ಸಂಭವ.

ಈಗ ಪ್ರತಿ ಸಂಭವವನ್ನೂ ಅದರದೇ ಲಾಗ್‌ನಿಂದ ಗುಣಿಸಿ. ಲಾಗ್‌ನ ಆಧಾರ 2 ಇರಲಿ. ಎಲ್ಲ ಕೂಡಿಸಿ, ಮುಂದಿನ ಮೈನಸ್ ತೆಗೆದುಬಿಡಿ. ಬಂದದ್ದೇ ಆ ಉದ್ದದ ಬ್ಲಾಕ್ ಎಂಟ್ರೊಪಿ. ಒಮ್ಮೆಯೂ ಕಾಣದ ತುಂಡನ್ನು ಲೆಕ್ಕಕ್ಕೆ ತರಬೇಡಿ, ಸೊನ್ನೆಗೆ ಲಾಗ್ ಇಲ್ಲ.

ನಾಣ್ಯದ ಸರಣಿಯಲ್ಲಿ ಹೀಗಾಗುತ್ತದೆ. ಉದ್ದ 1: 0ಯ ಸಂಭವ 1/3, 1ರದ್ದು 2/3, ಎಂಟ್ರೊಪಿ 0.918. ಉದ್ದ 2: 01, 10, 11 ತಲಾ 1/3, 00 ಇಲ್ಲವೇ ಇಲ್ಲ, ಎಂಟ್ರೊಪಿ 1.585. ಉದ್ದ 3: 101ಕ್ಕೆ 1/3, ಉಳಿದ ನಾಲ್ಕು ತುಂಡುಗಳಿಗೆ ತಲಾ 1/6, ಎಂಟ್ರೊಪಿ 2.252.

ಹೆಜ್ಜೆ 4: ಪಕ್ಕಪಕ್ಕದವನ್ನು ಕಳೆಯಿರಿ

ಕಿಟಕಿಯನ್ನು ಒಂದು ಅಂಕಿಯಷ್ಟು ಅಗಲ ಮಾಡಿದಾಗ ಎಂಟ್ರೊಪಿ ಎಷ್ಟು ಏರಿತು? ಹಿಂದಿನ ಅಂಕಿಗಳು ಗೊತ್ತಿದ್ದೂ ಹೊಸ ಅಂಕಿಯಲ್ಲಿ ಉಳಿದ ಅನುಮಾನ ಅಷ್ಟೇ. ನಮ್ಮ ಸರಣಿಯಲ್ಲಿ ಮೊದಲ ಏರಿಕೆ 0.918. ಎರಡನೆಯದು 1.585ರಲ್ಲಿ 0.918 ಕಳೆದರೆ 0.667. ಮೂರನೆಯದೂ 0.667. ಅಲ್ಲಿಂದ ಮುಂದೆ ಎಷ್ಟು ಅಗಲ ಮಾಡಿದರೂ ಅದೇ. ಬಾಯಲ್ಲಿ ಹೇಳಿದ ಉತ್ತರವೇ ಬಂತು.

ಈ ಏರಿಕೆಗಳ ಸಾಲು ಎಂದೂ ಮೇಲೆ ಹೋಗುವುದಿಲ್ಲ. ಇಳಿಯುತ್ತದೆ, ಇಲ್ಲವೇ ನಿಲ್ಲುತ್ತದೆ. ಜಾಸ್ತಿ ಗೊತ್ತಿದ್ದರೆ ಅನುಮಾನ ಹೆಚ್ಚಾಗದು ತಾನೇ? ಶಾನನ್ ಇದನ್ನೇ 1951ರಲ್ಲಿ ಇಂಗ್ಲಿಷಿಗೆ ಮಾಡಿದ. 26 ಅಕ್ಷರಗಳೂ ಸಮ ಎಂದರೆ ಅಕ್ಷರಕ್ಕೆ 4.70 ಬಿಟ್. ಯಾವ ಅಕ್ಷರ ಎಷ್ಟು ಬಳಕೆ ಎಂದು ಗೊತ್ತಿದ್ದರೆ 4.14. ಹಿಂದಿನ ಒಂದು ಅಕ್ಷರ ಗೊತ್ತಿದ್ದರೆ 3.56, ಎರಡು ಗೊತ್ತಿದ್ದರೆ 3.3. ಅದಕ್ಕಿಂತ ಉದ್ದದ ತುಂಡುಗಳನ್ನು ಎಣಿಸುವುದು ಆಗ ಆಗದ ಮಾತು. ಅದಕ್ಕೆ ಅವನು ಓದುಗರಿಗೇ ಪಠ್ಯ ಕೊಟ್ಟು, ಮುಂದಿನ ಅಕ್ಷರ ಊಹಿಸಿ ಎಂದ. ಹಿಂದಿನ ನೂರು ಅಕ್ಷರ ಗೊತ್ತಿದ್ದಾಗ ಅಕ್ಷರಕ್ಕೆ ಉಳಿದದ್ದು 0.6ರಿಂದ 1.3 ಬಿಟ್ ಅಷ್ಟೇ. ಎರಡು ಅಕ್ಷರದ ಹಿನ್ನೋಟಕ್ಕೆ 3.3 ಬಿಟ್ ರ‍್ಯಾಂಡಮ್ ಆಗಿ ಕಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟೇ ಆಗಿತ್ತು.

ಹೆಜ್ಜೆ 5: ಮೇಲಿದ್ದ ಪಾಲನ್ನು ಕೂಡಿಸಿ

ಪ್ರತಿ ಉದ್ದದಲ್ಲೂ ಏರಿಕೆ ತನ್ನ ಕೊನೆಯ ಬೆಲೆಗಿಂತ ಎಷ್ಟು ಮೇಲಿತ್ತು ಎಂದು ಬರೆದುಕೊಂಡು ಕೂಡಿಸಿ. ಎಕ್ಸೆಸ್ ಎಂಟ್ರೊಪಿ ಎಂದರೆ ಇದೇ ಮೊತ್ತ. ನಾಣ್ಯದ ಸರಣಿಯಲ್ಲಿ ಉದ್ದ 1ರಲ್ಲಿ ಮಾತ್ರ ವ್ಯತ್ಯಾಸವಿದೆ, 0.918ರಲ್ಲಿ 0.667 ಹೋದರೆ 0.252. ಕಟ್ಟು ಇದೆ, ಆದರೆ ಅಲ್ಪ.

ಎರಡು ತುದಿಗಳನ್ನು ನೋಡಿಬಿಡಿ. ಶುದ್ಧ ನಾಣ್ಯಕ್ಕೆ (ತಲೆಗೆ 1, ಬಾಲಕ್ಕೆ 0 ಎಂದಷ್ಟೇ ಬರೆದರೆ) ದರ 1 ಬಿಟ್, ಕಟ್ಟು 0. ಆರಂಭದ 0101 ಸಾಲಿಗೆ ದರ 0, ಕಟ್ಟು 1 ಬಿಟ್. ನಾಲ್ಕು ಅಂಕಿಗೊಮ್ಮೆ ಮರುಕಳಿಸುವ ಸಾಲಿಗೆ ಕಟ್ಟು 2 ಬಿಟ್, ಎಂಟಕ್ಕೊಮ್ಮೆಯಾದರೆ 3. ಚಕ್ರದಲ್ಲಿ ಈಗ ಎಲ್ಲಿದ್ದೇವೆ ಎಂದು ತಿಳಿಯಲು ಬೇಕಾದ ಮಾಹಿತಿಯೇ ಅದು.

ಹೆಜ್ಜೆ 6: ಏರಿಕೆಗಳ ಗೆರೆ ಸಮವಾಯಿತು ಎಂದು ನಂಬುವ ಮೊದಲು

ಈಗ ಅಸಲಿ ಪರೀಕ್ಷೆ. ನಾಣ್ಯದ ಬದಲು ಭಾಮಿನಿ ಷಟ್ಪದಿಯ ನಡೆ ತೆಗೆದುಕೊಳ್ಳಿ: ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಮತ್ತೆ ಮೂರು, ನಾಲ್ಕು. ಗಣದ ಶುರುವಿನಲ್ಲೇ ಲಘುವಿನ ಬೆನ್ನಿಗೇ ಗುರು ಬರುವುದನ್ನು ಕವಿಗಳು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಅದನ್ನೂ ನಿಯಮವೆಂದೇ ಇಟ್ಟುಕೊಳ್ಳೋಣ. ಆಗ ಮೂರು ಮಾತ್ರೆಯ ಗಣಕ್ಕೆ ಎರಡೇ ರೂಪ: 111 ಅಥವಾ 011. ನಾಲ್ಕು ಮಾತ್ರೆಗೆ ನಾಲ್ಕು: 1111, 1101, 0111, 0101. ಈ ರೂಪಗಳಲ್ಲಿ ಯಾವುದು ಬರಬೇಕು ಎಂಬುದನ್ನು ಮಾತ್ರ ನಾಣ್ಯಕ್ಕೆ ಬಿಡಿ. ನಿಜವಾದ ಪದ್ಯದಲ್ಲಿ ಮೂರನೆಯ ಮತ್ತು ಆರನೆಯ ಸಾಲಿಗೆ ಈ ಮೂರು, ನಾಲ್ಕರ ಜೋಡಿ ಮೂರು ಸಲ ಬಂದು, ಮೇಲೊಂದು ಗುರು ಸೇರುತ್ತದೆ. ಹೀಗೆ ಪದ್ಯಕ್ಕೆ ಒಟ್ಟು 102 ಮಾತ್ರೆ. ಲೆಕ್ಕ ಸುಲಭವಾಗಲಿ ಎಂದು ಆ ಗುರುವನ್ನು ಬಿಟ್ಟಿದ್ದೇನೆ.

ಏಳು ಮಾತ್ರೆಗಳನ್ನು ಒಟ್ಟಿಗೆ ಬರೆದರೆ ಹೀಗಿರುತ್ತದೆ: ?11?1?1. ಪ್ರಶ್ನಾರ್ಥಕ ಚಿಹ್ನೆ ಇರುವ ಮೂರು ಕಡೆ ನಾಣ್ಯದ ಆಟ, ಉಳಿದ ನಾಲ್ಕು ಕಡೆ 1 ಖಾಯಂ. ಹಾಗಾಗಿ ನಿಜವಾದ ದರ ಏಳು ಮಾತ್ರೆಗೆ 3 ಬಿಟ್, ಅಂದರೆ ಮಾತ್ರೆಗೆ 0.429. ಕಟ್ಟು ಎಂದರೆ ಏಳರ ಚಕ್ರದಲ್ಲಿ ಎಲ್ಲಿದ್ದೇವೆ ಎಂಬ ತಿಳಿವು, ಅದು 2.807 ಬಿಟ್.

ಇದು ಗೊತ್ತಿಲ್ಲದವನಂತೆ ಮೇಲಿನ ಹೆಜ್ಜೆಗಳನ್ನು ಹಾಕಿ ನೋಡಿ. ಏರಿಕೆಗಳು ಕ್ರಮವಾಗಿ ಹೀಗೆ ಬರುತ್ತವೆ: 0.750, 0.664, 0.660, 0.660, 0.654.

ಎರಡನೆಯ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಿ. 0.664. ಯಾವ ಗಣವೂ ಇಲ್ಲದ ನಾಣ್ಯದ ಸರಣಿಯಲ್ಲಿ ಇದೇ ಜಾಗದಲ್ಲಿ 0.667 ಇತ್ತು. ಎರಡು ಮಾತ್ರೆಯ ಕಿಟಕಿಗೆ ಭಾಮಿನಿಯೂ ಒಂದೇ, ಬಾಯಿಗೆ ಬಂದಂತೆ ಸುರಿದ ಲಘು ಗುರುವೂ ಒಂದೇ! ಮೂರು ಮತ್ತು ನಾಲ್ಕರಲ್ಲಿ ಗೆರೆ ಪೂರ್ತಿ ಸಮವಾಗಿದೆ. ಇಲ್ಲಿ ಬಹಳ ಜನ ಪೆನ್ನು ಕೆಳಗಿಟ್ಟು, ದರ 0.66, ಕಟ್ಟು ಒಂದಿಷ್ಟು ಎಂದು ಬರೆದುಬಿಡುತ್ತಾರೆ. ಐದಕ್ಕೆ ನಿಲ್ಲಿಸಿದವನ ವರದಿಯಲ್ಲಿ ದರ 0.654, ಕಟ್ಟು 0.12 ಇರುತ್ತದೆ. ನಿಜ 0.429 ಮತ್ತು 2.81. ಕಾಣದೆ ಹೋದ ಕಟ್ಟು ಪ್ರತಿ ಮಾತ್ರೆಗೂ 0.225 ಬಿಟ್‌ನಷ್ಟು ಸುಳ್ಳು ರ‍್ಯಾಂಡಮ್ ಆಗಿ ತಿರುಗಿ ಬಂತು.

ಹಾಗಾದರೆ ಕಿಟಕಿಯನ್ನು ಇಪ್ಪತ್ತು ಮೂವತ್ತಕ್ಕೆ ಅಗಲ ಮಾಡಿದರೆ ಆಯಿತಲ್ಲ ಎನ್ನಬಹುದು. ಅದಕ್ಕೆ ದಾಖಲೆ ಸಾಲುವುದಿಲ್ಲ, ಮುಂದಿನ ಹೆಜ್ಜೆಯಲ್ಲಿ ನೋಡುತ್ತೀರಿ. ನಾನು ಎರಡು ಅಗ್ಗದ ಉಪಾಯಗಳನ್ನು ಮೊದಲು ಮಾಡುತ್ತೇನೆ.

ಒಂದು, ದೂರದ ಜೋಡಿಗಳನ್ನು ನೋಡುವುದು. ಇಡೀ ತುಂಡು ಬೇಡ, ಈಗಿನ ಅಂಕಿ ಮತ್ತು ಇಷ್ಟು ದೂರದ ಅಂಕಿ, ಎರಡೇ ಸಾಕು. ನಮ್ಮ ಸರಣಿಯಲ್ಲಿ ಏಳು ಮಾತ್ರೆ ಅಂತರದ ಎರಡೂ ಜಾಗದಲ್ಲಿ 0 ಇರುವ ಸಂಭವ 0.107. ಸಂಬಂಧವೇ ಇಲ್ಲದಿದ್ದರೆ ಅದು 0.046 ಇರಬೇಕಿತ್ತು. ದುಪ್ಪಟ್ಟಿಗಿಂತ ಜಾಸ್ತಿ, ಕೆಲವು ನೂರು ಮಾತ್ರೆಗಳಲ್ಲೇ ಕಣ್ಣಿಗೆ ಬೀಳುತ್ತದೆ.

ಎರಡು, ಅನುಮಾನ ಬಂದ ಚಕ್ರಕ್ಕೆ ಸರಣಿಯನ್ನು ಮಡಿಚುವುದು. ಏಳೇಳು ಅಂಕಿಗಳ ಸಾಲುಗಳಾಗಿ ಒಂದರ ಕೆಳಗೊಂದು ಬರೆದರೆ, ನಾಲ್ಕು ಕಂಬಸಾಲುಗಳಲ್ಲಿ ಬರೀ 1 ಕಾಣುತ್ತದೆ. ಅಷ್ಟಾದರೆ ಗುಟ್ಟು ಹೊರಬಿತ್ತು. ಮಳೆಗೆ ವರ್ಷ, ವಿದ್ಯುತ್ ಬಳಕೆಗೆ ದಿನ ಮತ್ತು ವಾರ, ಸಂಗೀತಕ್ಕೆ ತಾಳದ ಆವರ್ತ. ಯಾವ ಚಕ್ರಕ್ಕೆ ಮಡಿಚಬೇಕು ಎಂದು ವಿಷಯ ಬಲ್ಲವರಿಗೆ ಮೊದಲೇ ಗೊತ್ತಿರುತ್ತದೆ. ಲೆಕ್ಕ ಮಾಡುವವರು ಅವರನ್ನು ಕೇಳುವುದಿಲ್ಲ, ಅಷ್ಟೇ.

ಹೆಜ್ಜೆ 7: ದಾಖಲೆ ಎಷ್ಟು ಉದ್ದದ ತುಂಡಿಗೆ ಸಾಕು ಎಂದು ನೋಡಿ

ಇಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಶುದ್ಧ ನಾಣ್ಯವನ್ನು 1000 ಸಲ ಚಿಮ್ಮಿದ್ದೀರಿ ಎನ್ನಿ. 15 ಅಂಕಿಯ ತುಂಡುಗಳ ಎಂಟ್ರೊಪಿ ನಿಜಕ್ಕೂ 15 ಬಿಟ್. ಆದರೆ ನಿಮ್ಮ ಕೈಯಲ್ಲಿರುವುದು 986 ತುಂಡು. ಎಲ್ಲವೂ ಬೇರೆಬೇರೆಯಾಗಿದ್ದರೂ ಲೆಕ್ಕ 9.95 ಬಿಟ್ ದಾಟಲಾರದು. ಉದ್ದ ಹೆಚ್ಚಿಸುತ್ತಾ ಹೋದರೆ ಏರಿಕೆ ಸೊನ್ನೆಯ ಹತ್ತಿರ ಇಳಿಯುತ್ತದೆ, ಶುದ್ಧ ನಾಣ್ಯದಲ್ಲಿ ಅದ್ಭುತ ಕಟ್ಟು ಇದೆ ಎಂಬ ಫಲಿತಾಂಶ ಬರುತ್ತದೆ.

ನಾನು ಇಟ್ಟುಕೊಂಡಿರುವ ಒರಟು ನಿಯಮ: ಸಾಧ್ಯವಿರುವ ಪ್ರತಿ ತುಂಡಿಗೂ ಸರಾಸರಿ ಹತ್ತು ಸಲವಾದರೂ ಕಾಣುವ ಅವಕಾಶ ಇರಬೇಕು. ಎರಡು ಚಿಹ್ನೆಯ 10,000 ಅಂಕಿಗಳ ದಾಖಲೆಯಿದ್ದರೆ ಉದ್ದ 9 ಅಥವಾ 10ಕ್ಕೆ ನಿಲ್ಲಿಸಿ. ಚಿಹ್ನೆಗಳು ಆರಾದರೆ ಅದೇ ದಾಖಲೆ 3ಕ್ಕೇ ಸುಸ್ತಾಗುತ್ತದೆ. ಮೊದಲ ಹೆಜ್ಜೆಯಲ್ಲಿ ಚಿಹ್ನೆ ಕಡಿಮೆ ಇರಲಿ ಎಂದದ್ದು ಇದಕ್ಕೇ.

ಗಡಿಯ ಒಳಗೂ ಸ್ವಲ್ಪ ತಿದ್ದುಪಡಿ ಬೇಕು. ಕಡಿಮೆ ದಾಖಲೆಯಿಂದ ತೆಗೆದ ಎಂಟ್ರೊಪಿ ಸರಾಸರಿಯಲ್ಲಿ ನಿಜಕ್ಕಿಂತ ಕೆಳಗೇ ಇರುತ್ತದೆ. ಜಾರ್ಜ್ ಮಿಲ್ಲರ್ 1955ರಲ್ಲಿ ಕೊಟ್ಟ ಸರಳ ಪರಿಹಾರ ಹೀಗಿದೆ: ಕಂಡ ತುಂಡುಗಳ ಬಗೆ ಎಷ್ಟೋ ಅದರಲ್ಲಿ ಒಂದು ಕಳೆದು, ಒಟ್ಟು ಎಣಿಕೆಯಿಂದ ಭಾಗಿಸಿ, 0.72ರಿಂದ ಗುಣಿಸಿ, ಬಂದದ್ದನ್ನು ಎಂಟ್ರೊಪಿಗೆ ಕೂಡಿಸಿ. ಈ ತಿದ್ದುಪಡಿಯೇ ದೊಡ್ಡದಾಗಿ ಕಂಡರೆ ನೀವು ಗಡಿ ದಾಟಿದ್ದೀರಿ ಎಂದೇ ಅರ್ಥ.

ಆಮೇಲೆ ಕಲಸು ಪರೀಕ್ಷೆ. ಸರಣಿಯ ಅಂಕಿಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಅದೇ ಲೆಕ್ಕವನ್ನು ಮತ್ತೆ ಮಾಡಿ. ಕಲಸಿದ ಸರಣಿಯಲ್ಲಿ ಕ್ರಮ ಸತ್ತಿರುತ್ತದೆ, ಅಂಕಿಗಳ ಪ್ರಮಾಣ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಅದರ ಎಕ್ಸೆಸ್ ಎಂಟ್ರೊಪಿ ಸೊನ್ನೆ ಇರಬೇಕು. ಇಲ್ಲದಿದ್ದರೆ, ಬಂದಷ್ಟು ನಿಮ್ಮ ದಾಖಲೆಯ ಕೊರತೆಯ ಗದ್ದಲ. ಇದನ್ನು ನೂರು ಸಲ ಮಾಡಿ. ಅಸಲಿ ಸರಣಿಯ ಬೆಲೆ ಹೀಗೆ ಬಂದ ನೂರೂ ಬೆಲೆಗಳಿಗಿಂತ ಮೇಲಿದ್ದರೆ ಮಾತ್ರ ಕಟ್ಟು ಇದೆ ಎನ್ನಿ. ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನೇ ಇಡಿ.

ಹೆಜ್ಜೆ 8: ನಿಜವಾದ ದಾಖಲೆ, ಟೆಲ್ ಅವಿವ್‌ನ ಮಳೆ

ಗೇಬ್ರಿಯಲ್ ಮತ್ತು ನ್ಯೂಮನ್ 1962ರಲ್ಲಿ ಟೆಲ್ ಅವಿವ್‌ನ ಮಳೆಗಾಲದ ದಿನಗಳನ್ನು ಹೀಗೆ 1 ಮತ್ತು 0ಗಳಾಗಿ ಮಾಡಿ ನೋಡಿದರು. ನಿನ್ನೆ ಮಳೆ ಬಂದಿದ್ದರೆ ಇಂದೂ ಬರುವ ಸಂಭವ 0.662. ನಿನ್ನೆ ಒಣಗಿದ್ದರೆ ಇಂದು ಬರುವ ಸಂಭವ 0.250. ಮಳೆಯ ಗಣಿತದಲ್ಲಿ ಈ ಎರಡು ಸಂಖ್ಯೆಗಳು ಹೆಸರುವಾಸಿ.

ನೋಡಿದರೆ ಭಾರಿ ನೆನಪಿರುವ ವ್ಯವಸ್ಥೆ ಅನ್ನಿಸುತ್ತದೆ, ಅಲ್ವಾ? ನಮ್ಮ ಹೆಜ್ಜೆಗಳನ್ನು ಹಾಕೋಣ. ಈ ಎರಡು ಸಂಭವಗಳಿಂದ, ಒಟ್ಟು ದಿನಗಳಲ್ಲಿ ಮಳೆದಿನಗಳ ಪಾಲು 0.425 ಎಂದು ಸಿಗುತ್ತದೆ. ಬಿಡಿ ದಿನದ ಎಂಟ್ರೊಪಿ 0.984 ಬಿಟ್. ಒಣದಿನದ ನಂತರದ ಅನುಮಾನ 0.811, ಮಳೆದಿನದ ನಂತರದ್ದು 0.923. ಎರಡನ್ನೂ ಅವುಗಳ ಪಾಲಿನಂತೆ ಸೇರಿಸಿದರೆ ದರ ದಿನಕ್ಕೆ 0.859. ಎಕ್ಸೆಸ್ ಎಂಟ್ರೊಪಿ 0.125.

ನಿನ್ನೆಯ ಮಳೆ ಇಂದಿನ ಮಳೆಯ ಸಂಭವವನ್ನು ಎರಡೂವರೆ ಪಟ್ಟಿಗಿಂತ ಹೆಚ್ಚು ಮಾಡಿದರೂ, ಬಿಟ್ ಲೆಕ್ಕದಲ್ಲಿ ಅದು ಹೇಳಿದ್ದು ಎಂಟನೇ ಒಂದು ಬಿಟ್ ಅಷ್ಟೇ. ಉಳಿದದ್ದು ಬಹುತೇಕ ನಾಣ್ಯದ ಆಟ. ಕಣ್ಣಿಗೆ ದೊಡ್ಡದಾಗಿ ಕಾಣುವ ಸಂಬಂಧ ಎಷ್ಟು ಚಿಕ್ಕದು ಎಂದು ತಿಳಿಯುವುದೇ ಈ ಅಳತೆಯ ದೊಡ್ಡ ಉಪಯೋಗ ಎಂದು ನನಗೆ ಅನ್ನಿಸುತ್ತದೆ. ಅಂದಹಾಗೆ, ಈ ಲೆಕ್ಕ ಹಿಂದಿನ ಒಂದು ದಿನ ಸಾಕು ಎಂದು ಒಪ್ಪಿಕೊಂಡು ಮಾಡಿದ್ದು. ಆರನೆಯ ಹೆಜ್ಜೆಯ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ.

ಅವರು ಮಳೆಗಾಲವನ್ನಷ್ಟೇ ತೆಗೆದುಕೊಂಡದ್ದು ಜಾಣತನ. ನೀವು ಮಂಗಳೂರಿನ ಇಡೀ ವರ್ಷದ ದಾಖಲೆಯನ್ನು ಒಟ್ಟಿಗೆ ಹಾಕಿದರೆ ಜುಲೈಯ ಸತತ ಮಳೆ, ಜನವರಿಯ ಸತತ ಬಿಸಿಲು ಸೇರಿ ಕಟ್ಟಿನ ಅಳತೆ ಜೋರಾಗಿ ಏರುತ್ತದೆ. ಅದು ಸುಳ್ಳಲ್ಲ, ಆದರೆ ಅಳೆದದ್ದು ಕ್ಯಾಲೆಂಡರನ್ನು. ಮುಂಗಾರಿನ ಒಳಗಿನ ನೆನಪನ್ನು ಅಳೆಯಬೇಕಾದರೆ ಮುಂಗಾರಿನ ತಿಂಗಳುಗಳನ್ನು ಬೇರೆ ಮಾಡಿ.

ಜಿಪ್ ಮಾಡಿ ನೋಡಿದರೆ ಸಾಲದೇ?

ಕೆಲವರು ಇಷ್ಟೆಲ್ಲ ಬೇಡ, ಕಡತವನ್ನು ಜಿಪ್ ಮಾಡಿ ಎಷ್ಟು ಕುಗ್ಗಿತು ನೋಡಿ ಎನ್ನುತ್ತಾರೆ. ಇದರ ಹಿಂದೆ ಲೆಂಪೆಲ್ ಮತ್ತು ಝಿವ್ 1977, 1978ರಲ್ಲಿ ಕೊಟ್ಟ ಗಟ್ಟಿ ಗಣಿತವಿದೆ. ಬಹಳ ಉದ್ದದ ಸರಣಿಗೆ ಈ ಬಗೆಯ ಕುಗ್ಗಿಸುವಿಕೆ ಎಂಟ್ರೊಪಿ ದರದ ಹತ್ತಿರ ಬರುತ್ತದೆ. ತೊಂದರೆ ಎರಡು. ಅದು ದರವನ್ನು ಮಾತ್ರ ಹೇಳುತ್ತದೆ, ಕಟ್ಟಿನ ಪಾಲನ್ನು ಬಿಡಿಸಿ ಕೊಡುವುದಿಲ್ಲ. ಇನ್ನು ಕನ್ನಡ ಪಠ್ಯವಾದರೆ, ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್, ಮೊದಲನೆಯದು ಯಾವಾಗಲೂ ಅದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಕಡತ ಚೆನ್ನಾಗಿ ಕುಗ್ಗುತ್ತದೆ. ಆದರೆ ಕುಗ್ಗಿದ್ದರಲ್ಲಿ ಕನ್ನಡದ ಕಟ್ಟು ಎಷ್ಟು, ಕೋಡಿನ ಕಟ್ಟು ಎಷ್ಟು? ಹೋಲಿಸಲೇಬೇಕಿದ್ದರೆ ಚಿಹ್ನೆಗೆ ಒಂದೇ ಬೈಟ್ ಬರುವಂತೆ ಮೊದಲು ಬದಲಿಸಿಕೊಳ್ಳಿ.

ಹೆಜ್ಜೆ 9: ಎರಡು ಸಂಖ್ಯೆಗಳನ್ನೂ ಒಂದೇ ನಕ್ಷೆಯಲ್ಲಿ ಇಡಿ

ಅಡ್ಡಕ್ಕೆ ಎಂಟ್ರೊಪಿ ದರ, ಉದ್ದಕ್ಕೆ ಎಕ್ಸೆಸ್ ಎಂಟ್ರೊಪಿ. ಪ್ರತಿ ಸರಣಿಯೂ ಒಂದು ಚುಕ್ಕೆ. ಇಲ್ಲಿ ಒಂದು ಚೆಂದದ ಪಾಠ ಸಿಗುತ್ತದೆ. ರಾಬರ್ಟ್ ಮೇ 1976ರ ತನ್ನ ಲೇಖನದಿಂದ ಎಲ್ಲರಿಗೂ ಪರಿಚಯಿಸಿದ ಲಾಜಿಸ್ಟಿಕ್ ಸಮೀಕರಣ ಗೊತ್ತಲ್ಲ: ಈಗಿನ ಬೆಲೆಯನ್ನು, ಒಂದರಲ್ಲಿ ಅದನ್ನೇ ಕಳೆದು ಬಂದದ್ದರಿಂದ ಗುಣಿಸಿ, ಮತ್ತೆ ಒಂದು ಸ್ಥಿರಾಂಕದಿಂದ ಗುಣಿಸಿದರೆ ಮುಂದಿನ ಬೆಲೆ. ಬೆಲೆ 0.5ಕ್ಕಿಂತ ಮೇಲಿದ್ದರೆ 1, ಕೆಳಗಿದ್ದರೆ 0 ಎಂದು ಬರೆಯಿರಿ.

ಸ್ಥಿರಾಂಕ 4 ಇದ್ದಾಗ ದರ 1 ಬಿಟ್, ಕಟ್ಟು 0. ಸಮೀಕರಣದಲ್ಲಿ ಎಲ್ಲೂ ಅದೃಷ್ಟದ ಆಟವಿಲ್ಲ, ಆದರೂ ಈ 1 ಮತ್ತು 0ಗಳ ಸರಣಿಗೂ ನಾಣ್ಯಕ್ಕೂ ಯಾವ ವ್ಯತ್ಯಾಸವೂ ಸಿಗದು. ಸ್ಥಿರಾಂಕ 3.5 ಇದ್ದಾಗ ಬೆಲೆಗಳು ನಾಲ್ಕರ ಚಕ್ರದಲ್ಲಿ ಸುತ್ತುತ್ತವೆ, ದರ 0, ಕಟ್ಟು 2 ಬಿಟ್. ಇವೆರಡರ ನಡುವೆ, 3.5699ರ ಹತ್ತಿರ, ಚಕ್ರ ಇಮ್ಮಡಿಯಾಗುತ್ತಾ ಹೋಗಿ ಮುಗಿಯುವ ಬಿಂದುವಿದೆ. ಅಲ್ಲಿ ದರ 0, ಆದರೆ ಕಿಟಕಿ ಅಗಲವಾದಷ್ಟೂ ಕಟ್ಟಿನ ಮೊತ್ತ ಏರುತ್ತಲೇ ಇರುತ್ತದೆ, ಕೊನೆಯೇ ಇಲ್ಲ. ಸಂಕೀರ್ಣ ಎಂಬ ಮಾತು ಇಂಥ ಜಾಗಕ್ಕೇ ಸಲ್ಲಬೇಕು, ಪೂರ್ತಿ ಗದ್ದಲಕ್ಕಲ್ಲ. 1986ರಲ್ಲಿ ಪೀಟರ್ ಗ್ರಾಸ್‌ಬರ್ಗರ್, 1989ರಲ್ಲಿ ಜೇಮ್ಸ್ ಕ್ರಚ್‌ಫೀಲ್ಡ್ ಮತ್ತು ಕಾರ್ಲ್ ಯಂಗ್ ಈ ದಿಕ್ಕಿನಲ್ಲೇ ವಾದ ಕಟ್ಟಿದರು.

ಕ್ರಚ್‌ಫೀಲ್ಡ್ ಮತ್ತು ಯಂಗ್ ಮೂರನೆಯ ಅಳತೆಯೊಂದನ್ನೂ ಕೊಟ್ಟರು. ಮುಂದಿನದರ ಬಗ್ಗೆ ಒಂದೇ ಭವಿಷ್ಯ ಹೇಳುವ ಹಿನ್ನೋಟಗಳನ್ನೆಲ್ಲ ಒಂದು ಗುಂಪಿಗೆ ಹಾಕಿ. ನಾಣ್ಯದ ಲಘು ಗುರುವಿನಲ್ಲಿ ಇಂಥ ಗುಂಪು ಎರಡೇ: ಈಗಷ್ಟೇ 1 ಬಂದದ್ದು, ಈಗಷ್ಟೇ 0 ಬಂದದ್ದು. ಗುಂಪುಗಳ ಪಾಲು 2/3 ಮತ್ತು 1/3, ಅವುಗಳ ಎಂಟ್ರೊಪಿ 0.918. ಭವಿಷ್ಯ ಹೇಳುವವನು ನೆನಪಿಡಬೇಕಾದದ್ದು ಇಷ್ಟು, ಆದರೆ ಹಿಂದಿನಿಂದ ಮುಂದಕ್ಕೆ ನಿಜವಾಗಿ ದಾಟುವುದು 0.252 ಮಾತ್ರ. ಭಾಮಿನಿಯ ನಡೆಯಲ್ಲಿ ಗುಂಪು ಏಳು, ಅಲ್ಲಿ ಎರಡೂ ಅಳತೆ 2.807.

ಹೆಜ್ಜೆ 10: ವರದಿಯಲ್ಲಿ ಏನೇನು ಬರೆಯಬೇಕು

ಚಿಹ್ನೆ ಮಾಡಿದ ಗೆರೆ ಯಾವುದು, ದಾಖಲೆ ಎಷ್ಟು ಉದ್ದ, ತುಂಡು ಎಷ್ಟು ಉದ್ದದವರೆಗೆ ಹೋಯಿತು, ಕಲಸಿದ ಸರಣಿಗಳಲ್ಲಿ ಎಷ್ಟು ಬಂತು. ಈ ನಾಲ್ಕಿಲ್ಲದೆ ಬಂದ ಎಂಟ್ರೊಪಿ ಸಂಖ್ಯೆಯನ್ನು ನಾನಂತೂ ಓದಿ ಪಕ್ಕಕ್ಕಿಡುತ್ತೇನೆ. ಏರಿಕೆಗಳ ಇಡೀ ಸಾಲನ್ನೇ ಕೊಟ್ಟರೆ ಇನ್ನೂ ಒಳ್ಳೆಯದು, ಗೆರೆ ಎಲ್ಲಿ ಸಮವಾಯಿತು ಎಂದು ಓದುವವರೇ ನೋಡಿಕೊಳ್ಳುತ್ತಾರೆ. ದಾಖಲೆಯನ್ನು ಎರಡು ಭಾಗ ಮಾಡಿ ಪ್ರತಿಯೊಂದಕ್ಕೂ ಬೇರೆಯಾಗಿ ಲೆಕ್ಕ ಮಾಡಿ. ಎರಡು ಉತ್ತರಗಳು ದೂರವಿದ್ದರೆ ವ್ಯವಸ್ಥೆಯೇ ನಡುವೆ ಬದಲಾಗಿರಬಹುದು, ಇಲ್ಲವೇ ದಾಖಲೆ ಸಾಲದು. ದರವನ್ನು "ಇದಕ್ಕಿಂತ ಜಾಸ್ತಿ ಇಲ್ಲ" ಎಂದೂ, ಕಟ್ಟನ್ನು "ಇದಕ್ಕಿಂತ ಕಡಿಮೆ ಇಲ್ಲ" ಎಂದೂ ಬರೆಯಿರಿ. ದಾಖಲೆ ಸಾಕಷ್ಟಿದ್ದಾಗ ಸೀಮಿತ ಕಿಟಕಿ ಕೊಡಬಲ್ಲದ್ದು ಅಷ್ಟೇ. ಕೊನೆಗೆ, ಬಿಟ್‌ನ ಪಕ್ಕದಲ್ಲಿ ದಿನಕ್ಕೋ, ಮಾತ್ರೆಗೋ, ಅಕ್ಷರಕ್ಕೋ ಎಂದು ಸೇರಿಸಿ. ನಾಣ್ಯದ ಲಘು ಗುರು ಅಕ್ಷರಕ್ಕೆ 1 ಬಿಟ್, ಮಾತ್ರೆಗೆ 0.667. ಸರಣಿ ಒಂದೇ, ಸಂಖ್ಯೆ ಬೇರೆ.